ನಾಯಿಗೆ ಫಿಟ್ಸ್ ಬಂದು ನಿಲ್ಲದಿದ್ದರೆ: ಗಡಿಯಾರ ನೋಡಿ, ಬಾಯಿಗೆ ಕೈ ಹಾಕಬೇಡಿ

ಚೆನ್ನಾಗಿಯೇ ಓಡಾಡಿಕೊಂಡಿದ್ದ ಮನೆಯ ನಾಯಿ ಇದ್ದಕ್ಕಿದ್ದಂತೆ ಪಕ್ಕಕ್ಕೆ ಬೀಳುತ್ತದೆ. ಕತ್ತು ಹಿಂದಕ್ಕೆ ಸೆಟೆಯುತ್ತದೆ, ಕಾಲುಗಳು ಮೊದಲು ಕೋಲಿನಂತೆ ಬಿಗಿದು ಆಮೇಲೆ ಈಜುವ ಹಾಗೆ ಬಡಿದುಕೊಳ್ಳುತ್ತವೆ. ದವಡೆ ಕಚ್ಚಿಕೊಳ್ಳುತ್ತದೆ, ಬಾಯಲ್ಲಿ ನೊರೆ ಬರುತ್ತದೆ, ಮಲಮೂತ್ರ ತಾನಾಗಿಯೇ ಹೋಗುತ್ತದೆ. ಕಣ್ಣು ತೆರೆದಿದ್ದರೂ ಹೆಸರು ಹಿಡಿದು ಕರೆದರೆ ಗುರುತಿಸುವುದಿಲ್ಲ. ಇದನ್ನು ಮೊದಲ ಸಲ ನೋಡಿದವರಿಗೆ ನಾಯಿ ಕಣ್ಣೆದುರೇ ಸಾಯುತ್ತಿದೆ ಎನ್ನಿಸುವುದು ಸಹಜ. ಆದರೆ ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ. ಆ ಒಂದೆರಡು ನಿಮಿಷದಲ್ಲಿ ನಾಯಿಗೆ ನೋವಿನ ಅರಿವು ಇರುವುದಿಲ್ಲ ಎಂದೇ ವೈದ್ಯರು ಹೇಳುತ್ತಾರೆ, ಏಕೆಂದರೆ ಅದಕ್ಕೆ ಪ್ರಜ್ಞೆಯೇ ಇರುವುದಿಲ್ಲ.

ಈ ಲೇಖನ ಮುಖ್ಯವಾಗಿ ತಾನಾಗಿ ನಿಲ್ಲದ ಫಿಟ್ಸ್ ಬಗ್ಗೆ. ಐದು ನಿಮಿಷ ದಾಟಿದ ಫಿಟ್ಸ್, ಅಥವಾ ಒಂದು ನಿಂತು ನಾಯಿಗೆ ಪೂರ್ತಿ ಪ್ರಜ್ಞೆ ಬರುವ ಮೊದಲೇ ಇನ್ನೊಂದು ಶುರುವಾಗುವುದು, ಇವೆರಡನ್ನೂ ವೈದ್ಯಕೀಯದಲ್ಲಿ ಸ್ಟೇಟಸ್ ಎಪಿಲೆಪ್ಟಿಕಸ್ ಎನ್ನುತ್ತಾರೆ. ಇದು ಜೀವಕ್ಕೆ ಅಪಾಯವಿರುವ ತುರ್ತು ಸ್ಥಿತಿ. ಬೆಳಗಾಗಲಿ, ವೈದ್ಯರು ಕ್ಲಿನಿಕ್‌ಗೆ ಬರಲಿ ಎಂದು ಕಾಯುವಂಥದ್ದಲ್ಲ.

ಐದೇ ನಿಮಿಷ ಏಕೆ?

ಮಿದುಳಿನಲ್ಲಿ ನರಕೋಶಗಳನ್ನು ಕೆರಳಿಸುವ ವ್ಯವಸ್ಥೆಯೂ ಇದೆ, ಶಾಂತಗೊಳಿಸುವ ವ್ಯವಸ್ಥೆಯೂ ಇದೆ. ಶಾಂತಗೊಳಿಸುವುದರಲ್ಲಿ ಮುಖ್ಯವಾದದ್ದು ಗಾಬಾ ಎಂಬ ರಾಸಾಯನಿಕ. ಇದನ್ನು ಮಿದುಳಿನ ಬ್ರೇಕ್ ಎಂದು ತಿಳಿದುಕೊಳ್ಳಬಹುದು. ಫಿಟ್ಸ್ ತಾನಾಗಿ ನಿಲ್ಲುವುದು ಈ ಬ್ರೇಕ್ ಹಿಡಿಯುವುದರಿಂದ. ಫಿಟ್ಸ್ ಲಂಬಿಸಿದಂತೆ ಗಾಬಾ ಬಂದು ಕೂರಬೇಕಾದ ಜಾಗಗಳನ್ನು ನರಕೋಶಗಳು ತಮ್ಮ ಹೊರಮೈಯಿಂದ ಒಳಗೆ ಎಳೆದುಕೊಳ್ಳತೊಡಗುತ್ತವೆ. ಅಂದರೆ ಬ್ರೇಕ್ ಪೆಡಲೇ ಕಡಿಮೆಯಾಗುತ್ತ ಹೋಗುತ್ತದೆ. ಡಯಾಜೆಪಾಮ್, ಮಿಡಾಜೋಲಾಮ್‌ನಂಥ ಔಷಧಗಳು ಕೆಲಸ ಮಾಡುವುದು ಇದೇ ಪೆಡಲ್ ಮೇಲೆ. ಆದ್ದರಿಂದ ಐದನೇ ನಿಮಿಷದಲ್ಲಿ ಫಿಟ್ಸ್ ನಿಲ್ಲಿಸಬಲ್ಲ ಔಷಧ, ಅದೇ ಪ್ರಮಾಣದಲ್ಲಿ, ನಲವತ್ತನೇ ನಿಮಿಷದಲ್ಲಿ ಸಾಲದೆ ಹೋಗಬಹುದು. ಮನುಷ್ಯರಲ್ಲೂ ಲೆಕ್ಕ ಇದೇ. ಇಡೀ ಮೈ ಸೆಳೆಯುವ ಫಿಟ್ಸ್ ಐದು ನಿಮಿಷ ದಾಟಿದರೆ ಚಿಕಿತ್ಸೆ ಶುರುವಾಗಬೇಕು, ಮೂವತ್ತು ನಿಮಿಷ ದಾಟಿದರೆ ಮಿದುಳಿಗೆ ಶಾಶ್ವತ ಹಾನಿಯ ಸಂಭವವಿದೆ ಎಂದು ಅಂತರರಾಷ್ಟ್ರೀಯ ಅಪಸ್ಮಾರ ತಜ್ಞರ ಸಂಘಟನೆ 2015ರಲ್ಲಿ ಹೇಳಿತು.

ಜೊತೆಗೆ ಮೈ ಬಿಸಿಯೇರುತ್ತದೆ. ಎಲ್ಲ ಸ್ನಾಯುಗಳೂ ಒಂದೇ ಸಮನೆ ದುಡಿಯುತ್ತಿರುವಾಗ ಜ್ವರವಿಲ್ಲದೆಯೇ ಉಷ್ಣಾಂಶ ಮೇಲೇರುತ್ತದೆ. ನಾಯಿಯ ಸಹಜ ಉಷ್ಣಾಂಶ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿದರೆ ಮಿದುಳು, ಮೂತ್ರಪಿಂಡ, ಕರುಳು ಎಲ್ಲಕ್ಕೂ ಪೆಟ್ಟು. ಏಪ್ರಿಲ್ ಬಿಸಿಲಿನ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಶೀಟಿನ ಮಾಡಿನಡಿ ಕಟ್ಟಿಹಾಕಿದ ನಾಯಿಗೆ ಈ ಅಪಾಯ ಇನ್ನೂ ಬೇಗ ಬರುತ್ತದೆ.

ಮೊದಲ ನಿಮಿಷಗಳಲ್ಲಿ

ಮೊದಲು ಗಡಿಯಾರ ನೋಡಿ. ಇದು ಬರೀ ಔಪಚಾರಿಕ ಸಲಹೆಯಲ್ಲ. ಗಾಬರಿಯಲ್ಲಿ ಒಂದು ನಿಮಿಷ ಹತ್ತು ನಿಮಿಷದಂತೆ ಕಾಣುತ್ತದೆ, ಇನ್ನು ಕೆಲವರಿಗೆ ಹತ್ತು ನಿಮಿಷ ಕಳೆದದ್ದೇ ತಿಳಿಯುವುದಿಲ್ಲ. ಮನೆಯಲ್ಲಿ ಇಬ್ಬರಿದ್ದರೆ ಒಬ್ಬರು ನಾಯಿಯ ಬಳಿ ಇರಲಿ, ಇನ್ನೊಬ್ಬರು ಸಮಯ ಗುರುತಿಟ್ಟುಕೊಂಡು ಮೊಬೈಲಿನಲ್ಲಿ ಒಂದು ಅರ್ಧ ನಿಮಿಷ ವಿಡಿಯೋ ಮಾಡಲಿ. ಕಷ್ಟದ ಹೊತ್ತಿನಲ್ಲಿ ವಿಡಿಯೋ ಏಕೆ ಎಂದು ಅನ್ನಿಸಬಹುದು. ಆದರೆ ಮುದಿನಾಯಿಯ ಕಿವಿಯೊಳಗಿನ ತೊಂದರೆಯಿಂದ ಬರುವ ತಲೆಸುತ್ತು, ಹೃದಯದ ತೊಂದರೆಯಿಂದ ಬವಳಿ ಬೀಳುವುದು, ನಿಜವಾದ ಫಿಟ್ಸ್, ಈ ಮೂರೂ ಬಾಯಿಮಾತಿನ ವರ್ಣನೆಯಲ್ಲಿ ಒಂದೇ ಥರ ಕೇಳಿಸುತ್ತವೆ. ವಿಡಿಯೋ ನೋಡಿದ ವೈದ್ಯರಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ.

ನಾಯಿ ಮೆಟ್ಟಿಲ ಬಳಿ, ಜಗಲಿಯ ಅಂಚಿನಲ್ಲಿ, ಬಾವಿಕಟ್ಟೆ ಅಥವಾ ನೀರಿನ ತೊಟ್ಟಿಯ ಹತ್ತಿರ ಬಿದ್ದಿದ್ದರೆ ಹಿಂಗಾಲು ಅಥವಾ ಸೊಂಟದ ಭಾಗ ಹಿಡಿದು ಮೆಲ್ಲಗೆ ಈಚೆಗೆ ಎಳೆಯಿರಿ. ಇಲ್ಲವಾದರೆ ಬಿದ್ದಲ್ಲೇ ಇರಲಿ. ತಲೆಯ ಸುತ್ತ ದಿಂಬು, ಮಡಿಸಿದ ಕಂಬಳಿ, ಏನಾದರೂ ಮೆತ್ತನೆಯದು ಇಡಿ. ಕತ್ತಿನ ಪಟ್ಟಿ ಬಿಗಿಯಾಗಿದ್ದರೆ ಸಡಿಲಿಸಿ. ಟಿವಿ ಆರಿಸಿ, ಫ್ಯಾನ್ ಹಾಕಿ, ಮಕ್ಕಳನ್ನೂ ಮನೆಯ ಇತರ ನಾಯಿಗಳನ್ನೂ ಬೇರೆ ಕೋಣೆಗೆ ಕಳಿಸಿ. ಜೊತೆಯ ನಾಯಿ ಫಿಟ್ಸ್ ಬಂದ ನಾಯಿಯ ಮೇಲೆ ಎರಗಬಹುದು. ಕಾಲುಗಳನ್ನು ಅದುಮಿ ಹಿಡಿದರೆ ಫಿಟ್ಸ್ ನಿಲ್ಲುವುದಿಲ್ಲ, ಮೂಳೆಗೋ ಕೀಲಿಗೋ ಪೆಟ್ಟಾಗಬಹುದು ಅಷ್ಟೇ.

ಬಾಯಿಗೆ ಮಾತ್ರ ಕೈ ಹಾಕಬೇಡಿ. ನಾಯಿ ನಾಲಿಗೆ ನುಂಗಿಬಿಡುತ್ತದೆ ಎಂಬುದು ನಮ್ಮ ಊರುಗಳಲ್ಲೆಲ್ಲ ಇರುವ ನಂಬಿಕೆ. ನಾಲಿಗೆ ಬಾಯಿಯ ತಳಕ್ಕೆ ಅಂಟಿಕೊಂಡಿರುವ ಅಂಗ, ಅದನ್ನು ನುಂಗಲಾಗದು. ಹಲ್ಲಿನ ನಡುವೆ ಸೌಟು, ಕೋಲು ತುರುಕಿದರೆ ಹಲ್ಲು ಮುರಿಯುತ್ತದೆ. ಬೆರಳಿಟ್ಟರೆ ಸಾಧುವಾದ ನಾಯಿಯೂ ಮೂಳೆಯವರೆಗೆ ಕಚ್ಚುತ್ತದೆ, ಏಕೆಂದರೆ ಆಗ ದವಡೆ ಅದರ ಹಿಡಿತದಲ್ಲಿರುವುದಿಲ್ಲ. ನೀರು ಕುಡಿಸುವುದೂ ಅಷ್ಟೇ ಅಪಾಯ. ಪ್ರಜ್ಞೆಯಿಲ್ಲದ ನಾಯಿಯ ಬಾಯಿಗೆ ಹಾಕಿದ ನೀರು, ಹಾಲು, ಮಾತ್ರೆ ಎಲ್ಲವೂ ಶ್ವಾಸಕೋಶಕ್ಕೆ ಇಳಿಯಬಹುದು.

ಕಬ್ಬಿಣದ ಕೀಲಿಕೈ ಮುಟ್ಟಿಸುವುದು, ಚಪ್ಪಲಿ ಮೂಸಿಸುವುದು, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುವುದು ಇವೆಲ್ಲ ಮನುಷ್ಯರ ಮೂರ್ಛೆಗೆ ಮಾಡುತ್ತಿದ್ದ ಉಪಚಾರಗಳು, ಈಗ ನಾಯಿಗೂ ನಡೆಯುತ್ತಿವೆ. ಫಿಟ್ಸ್ ಹೇಗೂ ಎರಡು ನಿಮಿಷದಲ್ಲಿ ನಿಲ್ಲುವುದರಿಂದ ಕೀಲಿಕೈಗೆ ಕೀರ್ತಿ ಬಂದಿದೆ. ನಮ್ಮ ಬಹುತೇಕ ಮನೆಗಳಲ್ಲಿ ಈರುಳ್ಳಿ ಇರುವುದಿಲ್ಲ. ಪಕ್ಕದ ಮನೆಯಿಂದ ತರಲು ಓಡಬೇಕಾಗಿಯೂ ಇಲ್ಲ, ಅದು ಹೊಟ್ಟೆಗೆ ಹೋದರೆ ನಾಯಿಗೆ ವಿಷ. ಕರ್ಪೂರ ಅಥವಾ ಕರ್ಪೂರದ ಎಣ್ಣೆ ಮೂಗಿಗೆ ಹಚ್ಚುವುದು ಇನ್ನೂ ಕೆಟ್ಟದ್ದು. ಕರ್ಪೂರ ಹೊಟ್ಟೆಗೆ ಹೋದರೆ ಅದೇ ಫಿಟ್ಸ್ ತರಿಸುತ್ತದೆ. ಆರತಿಗೆ ಇಟ್ಟ ಕರ್ಪೂರದ ಡಬ್ಬಿ ನಾಯಿಗೆ ಎಟುಕುವಂತಿದ್ದರೆ ಇವತ್ತೇ ಜಾಗ ಬದಲಿಸಿ.

ಪಂಚನಮಸ್ಕಾರ ಮಂತ್ರದ ವಿಷಯ ಹೇಳಲೇಬೇಕು. ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರ ಕುಮಾರ ಮಂತ್ರ ಹೇಳಿದ್ದು, ಆ ನಾಯಿ ಯಕ್ಷನಾಗಿ ಹುಟ್ಟಿ ಮುಂದೆ ಅವನಿಗೆ ನೆರವಾದದ್ದು ನಮ್ಮ ಮಕ್ಕಳಿಗೂ ಗೊತ್ತಿರುವ ಕಥೆ. ಹಾಗಾಗಿ ನಾಯಿ ಬಿದ್ದೊಡನೆ ಮನೆಯ ಹಿರಿಯರು ಅದರ ಕಿವಿಗೆ ಬಾಯಿಟ್ಟು ಮಂತ್ರ ಹೇಳುವುದುಂಟು. ಹೇಳಲಿ, ಆದರೆ ಕಿವಿಯ ಬಳಿ ಬಾಗಿದಾಗ ಮುಖ ನಾಯಿಯ ದವಡೆಗೆ ಗೇಣುದ್ದದಲ್ಲಿರುತ್ತದೆ. ಬೆನ್ನ ಹಿಂದೆ, ಸ್ವಲ್ಪ ದೂರ ಕುಳಿತು ಮೆಲುದನಿಯಲ್ಲಿ ಹೇಳಿದರೆ ಸಾಕು. ಕಥೆಯ ಆ ನಾಯಿ ಬದುಕುವಂತಿರಲಿಲ್ಲ. ನಿಮ್ಮ ಮುಂದಿರುವ ನಾಯಿ ಬಹುಪಾಲು ಬದುಕುವಂಥದ್ದು, ಅದಕ್ಕೆ ಇನ್ನೊಬ್ಬರು ವೈದ್ಯರಿಗೆ ಫೋನ್ ಮಾಡುತ್ತಿರಬೇಕು.

ಯಾವಾಗ ಹೊರಡಬೇಕು

ಎರಡು ನಿಮಿಷ ಕಳೆದರೂ ನಿಲ್ಲದಿದ್ದರೆ ಗಾಡಿ ತೆಗೆಯಿರಿ, ವೈದ್ಯರಿಗೆ ಫೋನ್ ಮಾಡಿ. ಐದು ನಿಮಿಷ ಆಗಲಿ ಎಂದು ಕೂತು ಆಮೇಲೆ ಕೀಲಿ ಹುಡುಕಿದರೆ ಆಸ್ಪತ್ರೆ ಮುಟ್ಟುವಾಗ ಮೂವತ್ತಾಗಿರುತ್ತದೆ. ದಾರಿಯಲ್ಲಿ ನಿಂತರೆ ನಷ್ಟವೇನೂ ಇಲ್ಲ.

ಒಂದೇ ಫಿಟ್ಸ್ ಬಂದು ಬೇಗ ನಿಂತರೂ ಆ ದಿನವೇ ತೋರಿಸಬೇಕಾದ ಸಂದರ್ಭಗಳಿವೆ. ಜೀವನದಲ್ಲಿ ಮೊದಲ ಸಲ ಬಂದದ್ದು, ಇಪ್ಪತ್ನಾಲ್ಕು ಗಂಟೆಯಲ್ಲಿ ಎರಡು ಅಥವಾ ಹೆಚ್ಚು ಸಲ ಬಂದದ್ದು, ಆರು ತಿಂಗಳೊಳಗಿನ ಮರಿ, ಗಬ್ಬದ ಅಥವಾ ಮರಿಗೆ ಹಾಲೂಡಿಸುವ ಹೆಣ್ಣುನಾಯಿ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ನಾಯಿ, ವಿಷ ತಿಂದಿರುವ ಶಂಕೆ. ಇವುಗಳಲ್ಲಿ ಯಾವುದಿದ್ದರೂ ನಾಳೆ ನೋಡೋಣ ಎನ್ನಬೇಡಿ.

ಇನ್ನೊಂದು ಮೋಸವಿದೆ. ಬಹಳ ಹೊತ್ತು ಸೆಳೆದ ಮೇಲೆ ಕಾಲು ಬಡಿಯುವುದು ನಿಲ್ಲುತ್ತದೆ, ಮನೆಯವರು ಸದ್ಯ ಎಂದು ಉಸಿರುಬಿಡುತ್ತಾರೆ. ಆದರೆ ನಾಯಿಗೆ ಪ್ರಜ್ಞೆ ಬಂದಿಲ್ಲ, ರೆಪ್ಪೆಯೋ ತುಟಿಯ ಅಂಚೋ ಒಂದೇ ಲಯದಲ್ಲಿ ಅದುರುತ್ತಲೇ ಇದೆ. ಸ್ನಾಯು ದಣಿದಿದೆ, ಮಿದುಳಿನಲ್ಲಿ ಫಿಟ್ಸ್ ಮುಂದುವರಿದಿದೆ ಎಂದು ಅರ್ಥ. ಇದನ್ನು ನಿದ್ದೆ ಎಂದು ತಿಳಿಯಬೇಡಿ. ನಿಜವಾಗಿ ಫಿಟ್ಸ್ ಮುಗಿದ ನಾಯಿ ಕೆಲವು ನಿಮಿಷದಲ್ಲಿ ತಲೆ ಎತ್ತುತ್ತದೆ. ಆಮೇಲೆ ತೂರಾಡುವುದು, ಗೋಡೆಗೆ ಹಾಯುವುದು, ಕಣ್ಣು ಕಾಣದಂತಿರುವುದು, ವಿಪರೀತ ಹಸಿವು, ಸುತ್ತ ಸುತ್ತ ನಡೆಯುವುದು ಇವೆಲ್ಲ ಕೆಲವು ಗಂಟೆ, ಕೆಲವೊಮ್ಮೆ ಒಂದು ದಿನ ಇರಬಹುದು. ಆ ಹೊತ್ತಿನಲ್ಲಿ ಮನೆಯವರನ್ನೇ ಗುರುತಿಸದೆ ಕಚ್ಚಲು ಬರಬಹುದು. ಪೂರ್ತಿ ಎಚ್ಚರವಾಗಿ ನೆಟ್ಟಗೆ ನಿಲ್ಲುವವರೆಗೆ ಊಟ ಕೊಡಬೇಡಿ.

ಸಾಗಿಸುವಾಗ ಕಂಬಳಿ ಅಥವಾ ದಪ್ಪ ಜಮಖಾನೆಯ ಮೇಲೆ ಜಾರಿಸಿ, ನಾಲ್ಕು ಮೂಲೆ ಹಿಡಿದು ಎತ್ತಿ. ತಲೆ ಸ್ವಲ್ಪ ಕೆಳಮುಖವಾಗಿದ್ದರೆ ಜೊಲ್ಲು ಹೊರಗೆ ಹರಿಯುತ್ತದೆ. ಬಾಯಿಗೆ ಬಟ್ಟೆ ಕಟ್ಟಬೇಡಿ, ಉಸಿರು ಕಟ್ಟುತ್ತದೆ, ಮೈ ತಣಿಯುವ ದಾರಿಯೂ ಮುಚ್ಚುತ್ತದೆ. ಮೈ ಸುಡುತ್ತಿದ್ದರೆ ನಲ್ಲಿಯ ಸಾದಾ ನೀರಿನಿಂದ ಹೊಟ್ಟೆ, ತೊಡೆಸಂದು, ಪಾದ ಒದ್ದೆಮಾಡಿ ಗಾಳಿ ಬೀಸಿ. ಮಂಜುಗಡ್ಡೆ ಬೇಡ, ಚರ್ಮದ ರಕ್ತನಾಳ ಮುದುಡಿ ಒಳಗಿನ ಬಿಸಿ ಹೊರಬರುವುದಿಲ್ಲ. ಥರ್ಮಾಮೀಟರ್ ಇದ್ದರೆ 39.4ಕ್ಕೆ, ಅಂದರೆ 103 ಫ್ಯಾರನ್‌ಹೀಟ್‌ಗೆ ಇಳಿದಾಗ ನಿಲ್ಲಿಸಿ, ಇಲ್ಲದಿದ್ದರೆ ಅತಿಯಾಗಿ ತಣ್ಣಗಾಗುತ್ತದೆ.

ಎಲ್ಲಿಗೆ ಹೋಗುವುದು ಎಂಬುದನ್ನು ಇವತ್ತೇ ತೀರ್ಮಾನಿಸಿಡಿ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿಯಂಥ ನಗರಗಳಲ್ಲಿ ಖಾಸಗಿ ಕ್ಲಿನಿಕ್‌ಗಳಿವೆ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳಲ್ಲಿ ನಾಯಿಗಳಿಗೆ ಚಿಕಿತ್ಸೆ ಇದೆ. ಯಾವುದು ರಾತ್ರಿ ತೆರೆದಿರುತ್ತದೆ ಎಂದು ಫೋನ್ ಮಾಡಿ ಕೇಳಿಟ್ಟುಕೊಳ್ಳಬೇಕು. ಬೋರ್ಡಿನಲ್ಲಿ ಇಪ್ಪತ್ನಾಲ್ಕು ಗಂಟೆ ಎಂದು ಬರೆದಿರುವುದನ್ನು ನಂಬಿ ಕೂರಬಾರದು. ರಾಜ್ಯ ಸರ್ಕಾರದ ಪಶು ಸಂಜೀವಿನಿಯ ಸಂಖ್ಯೆ 1962. ಅದು ಮುಖ್ಯವಾಗಿ ದನಕರುಗಳಿಗಾಗಿ ಇರುವ ಸೇವೆಯಾದರೂ, ಪೇಟೆಯಿಂದ ದೂರದ ತೋಟದ ಮನೆಯವರು ಹತ್ತಿರದ ಸರ್ಕಾರಿ ಪಶುವೈದ್ಯರ ನಂಬರಿನ ಜೊತೆ ಅದನ್ನೂ ಬರೆದಿಟ್ಟುಕೊಂಡಿರಲಿ.

ಮನೆಯಲ್ಲೇ ಇಡಬಹುದಾದ ತುರ್ತು ಔಷಧ

ಒಮ್ಮೆ ಫಿಟ್ಸ್ ಬಂದ ನಾಯಿಯ ಮನೆಯವರು ವೈದ್ಯರನ್ನು ಕೇಳಲೇಬೇಕಾದ ಪ್ರಶ್ನೆ ಇದು: ‘ಡಾಕ್ಟ್ರೇ, ಮುಂದಿನ ಸಲ ನಿಲ್ಲದಿದ್ದರೆ ಮನೆಯಲ್ಲೇ ಕೊಡಲು ಏನಾದರೂ ಬರೆದುಕೊಡ್ತೀರಾ?’ ಕೇಳದಿದ್ದರೆ ಎಷ್ಟೋ ಸಲ ಬರೆದುಕೊಡುವುದಿಲ್ಲ. ಹತ್ತಿರದ ವೈದ್ಯರು ಒಂದು ಗಂಟೆ ದೂರದಲ್ಲಿರುವ ಮೂಡುಬಿದಿರೆ, ಹೊಂಬುಜ, ನರಸಿಂಹರಾಜಪುರದ ಕಡೆಯ ಹಳ್ಳಿಮನೆಗಳಿಗೆ ಇದರಷ್ಟು ಉಪಯೋಗದ ವಸ್ತು ಬೇರೆ ಇಲ್ಲ ಎಂದೇ ಹೇಳಬಹುದು.

ಹಳೆಯ ರೂಢಿ ಡಯಾಜೆಪಾಮ್ ದ್ರವವನ್ನು ಸೂಜಿಯಿಲ್ಲದ ಸಿರಿಂಜಿನಿಂದ ಗುದದ್ವಾರದ ಮೂಲಕ ಕೊಡುವುದು. ಈಚಿನ ಒಲವು ಮಿಡಾಜೋಲಾಮ್ ಅನ್ನು ಮೂಗಿನ ಹೊಳ್ಳೆಗೆ ತುಂತುರಾಗಿ ಸಿಂಪಡಿಸುವುದರ ಕಡೆಗೆ. 2017ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ಮೂಗಿಗೆ ಮಿಡಾಜೋಲಾಮ್ ಪಡೆದ 20 ನಾಯಿಗಳಲ್ಲಿ 14ಕ್ಕೆ ಫಿಟ್ಸ್ ನಿಂತಿತು. ಗುದದ್ವಾರದಲ್ಲಿ ಡಯಾಜೆಪಾಮ್ ಪಡೆದ 15ರಲ್ಲಿ 3ಕ್ಕೆ ಮಾತ್ರ. ಅಮೆರಿಕದ ಪಶುವೈದ್ಯ ತಜ್ಞರ ಸಂಸ್ಥೆ ಎಸಿವಿಐಎಂ 2024ರಲ್ಲಿ ಹೊರತಂದ ಮಾರ್ಗದರ್ಶಿ ಕೂಡ ಮನೆಯಲ್ಲಿ ಕೊಡಲು ಮೂಗಿನ ಮಿಡಾಜೋಲಾಮ್‌ಗೇ ಮೊದಲ ಸ್ಥಾನ ಕೊಟ್ಟಿದೆ.

ಇದನ್ನು ಓದಿ ನೇರ ಮೆಡಿಕಲ್ ಶಾಪಿಗೆ ಹೋಗಬೇಡಿ. ಪ್ರಮಾಣ ನಾಯಿಯ ತೂಕದ ಮೇಲೆ, ಅದು ತೆಗೆದುಕೊಳ್ಳುತ್ತಿರುವ ಬೇರೆ ಔಷಧದ ಮೇಲೆ ನಿಲ್ಲುತ್ತದೆ. ಮಕ್ಕಳಿಗಾಗಿ ಬರುವ ಮೂಗಿನ ಸ್ಪ್ರೇಗಳಲ್ಲಿ ಒಂದು ಒತ್ತಿಗೆ ಬರುವ ಪ್ರಮಾಣ ಕಂಪನಿಯಿಂದ ಕಂಪನಿಗೆ ಬೇರೆ, ಹೆಚ್ಚಾದರೆ ಉಸಿರಾಟ ಕುಗ್ಗಬಹುದು. ಎಷ್ಟು ಒತ್ತು, ಎಷ್ಟು ನಿಮಿಷಕ್ಕೆ, ಇನ್ನೊಮ್ಮೆ ಕೊಡಬಹುದೇ ಎಂಬುದನ್ನು ವೈದ್ಯರ ಕೈಯಲ್ಲೇ ಬರೆಸಿಕೊಂಡು ಔಷಧದ ಜೊತೆಗೇ ರಬ್ಬರ್ ಬ್ಯಾಂಡ್ ಹಾಕಿಡಿ. ಬರೀ ನೀರು ತುಂಬಿ ಒಂದು ಸಲ ಕೈ ಪಳಗಿಸಿಕೊಳ್ಳಿ. ಡಯಾಜೆಪಾಮ್ ಆದರೆ ಮೊದಲೇ ಪ್ಲಾಸ್ಟಿಕ್ ಸಿರಿಂಜಿಗೆ ತುಂಬಿಡಬಾರದು, ಔಷಧ ಪ್ಲಾಸ್ಟಿಕ್‌ಗೆ ಅಂಟಿ ಶಕ್ತಿ ಕಳೆದುಕೊಳ್ಳುತ್ತದೆ. ಬೆಳಕಿಗೂ ಇಡಬಾರದು. ಕೊಟ್ಟ ಮೇಲೂ ಆಸ್ಪತ್ರೆಯ ದಾರಿ ಹಿಡಿಯುವುದು ತಪ್ಪುವುದಿಲ್ಲ.

ಏಕೆ ಬಂತು?

ವೈದ್ಯರು ಕೇಳುವ ಮೊದಲ ಪ್ರಶ್ನೆಗಳು ವಿಷದ ಸುತ್ತಲೇ ಇರುತ್ತವೆ, ಅದಕ್ಕೆ ಕಾರಣವಿದೆ. ಅಡಕೆ ತೋಟಗಳಲ್ಲಿ ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಉಂಡೆಗಳು ನಾಯಿಗೆ ರುಚಿಯಾಗಿ ಕಾಣುತ್ತವೆ. ತಿಂದ ಕೆಲವೇ ಗಂಟೆಯಲ್ಲಿ ನಡುಕ, ಬಿಡದ ಸೆಳೆತ, ವಿಪರೀತ ಮೈಬಿಸಿ. ಹೊಲಕ್ಕೆ ಹಾಕುವ ಹರಳು ಕೀಟನಾಶಕಗಳು, ಸಿಂಪಡಿಸುವ ಆರ್ಗನೋಫಾಸ್ಫೇಟ್ ಔಷಧಗಳು ತಾಗಿದರೆ ಜೊಲ್ಲು ಧಾರೆಯಾಗಿ ಸುರಿಯುತ್ತದೆ, ಕಣ್ಣಪಾಪೆ ಚುಕ್ಕಿಯಷ್ಟು ಚಿಕ್ಕದಾಗುತ್ತದೆ, ಭೇದಿಯಾಗುತ್ತದೆ. ಇದಕ್ಕೆ ಅಟ್ರೋಪಿನ್ ಇದೆ, ಬೇಗ ಸಿಕ್ಕರೆ ನಾಯಿ ಉಳಿಯುತ್ತದೆ. ಇಲಿಗೆ ಇಡುವ ಜಿಂಕ್ ಫಾಸ್ಫೈಡ್ ತಿಂದ ನಾಯಿಯ ವಾಂತಿಯಿಂದ ಬರುವ ಅನಿಲ ಮನುಷ್ಯರಿಗೂ ವಿಷ. ಕಾರಿನ ಗಾಜು ಇಳಿಸಿಕೊಂಡೇ ಹೋಗಿ. ಪೊಟ್ಟಣ ಸಿಕ್ಕರೆ ಎಷ್ಟೇ ಹರಿದಿರಲಿ ಜೊತೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ.

ಚಿಕ್ಕ ಮರಿಗಳು ಹೊಟ್ಟೆ ಖಾಲಿಯಿದ್ದರೂ ರಕ್ತದ ಸಕ್ಕರೆ ಇಳಿದು ಸೆಳೆತಕ್ಕೆ ಬೀಳುತ್ತವೆ. ಜೇನು ಸವರಿ ಎಂದು ಮೊಬೈಲಿನಲ್ಲಿ ಹರಿದಾಡುವ ಸಲಹೆ ನಮಗೆ ಬೇಡ. ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ಕಲಸಿದ ಗಟ್ಟಿ ನೀರು ಅದೇ ಕೆಲಸ ಮಾಡುತ್ತದೆ. ಸೆಳೆತ ನಿಂತಾಗ ತುಟಿಯ ಒಳಬದಿಗೆ ಸವರಬೇಕು, ಗಂಟಲಿಗೆ ಹೊಯ್ಯಬಾರದು. ಹಾಲೂಡಿಸುವ ತಾಯಿನಾಯಿಗೆ ಮರಿ ಹಾಕಿದ ಮೊದಲ ಕೆಲವು ವಾರಗಳಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿದು ಮೈಯೆಲ್ಲ ಸೆಟೆದು ನಡುಗಬಹುದು. ಮರಿಗಳನ್ನು ಬೇರೆ ಮಾಡಿ ಕೂಡಲೇ ಕರೆದೊಯ್ಯಿರಿ, ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಡುತ್ತಾರೆ. ಲಸಿಕೆ ಹಾಕಿಸದ ಮರಿಗಳಲ್ಲಿ ಡಿಸ್ಟೆಂಪರ್, ವಯಸ್ಸಾದ ನಾಯಿಯಲ್ಲಿ ಮಿದುಳಿನ ಗೆಡ್ಡೆ, ಯಕೃತ್ತು ಮೂತ್ರಪಿಂಡದ ಕಾಯಿಲೆ ಇವನ್ನೂ ನೋಡುತ್ತಾರೆ. ಆರು ತಿಂಗಳಿಂದ ಆರು ವರ್ಷದೊಳಗೆ ಮೊದಲ ಫಿಟ್ಸ್ ಬಂದು, ಎಲ್ಲ ಪರೀಕ್ಷೆಯೂ ಸರಿಯಿದ್ದರೆ ಸಾಮಾನ್ಯವಾಗಿ ಬೇರೆ ಕಾರಣ ಸಿಗದ ಅಪಸ್ಮಾರ ಎನ್ನುತ್ತಾರೆ. ಉಣ್ಣೆ ಚಿಗಟಕ್ಕೆಂದು ಕೊಡುವ ಅಗಿಯುವ ಮಾತ್ರೆಗಳಲ್ಲಿ ಐಸೋಕ್ಸಜೋಲಿನ್ ವರ್ಗದವು ಕೆಲವು ನಾಯಿಗಳಲ್ಲಿ ಫಿಟ್ಸ್ ತರಿಸಬಹುದು ಎಂದು ಅಮೆರಿಕದ ಔಷಧ ಇಲಾಖೆ 2018ರಲ್ಲಿ ಎಚ್ಚರಿಸಿತ್ತು. ಅಂಥದ್ದು ಕೊಟ್ಟಿದ್ದರೆ ವೈದ್ಯರಿಗೆ ತಿಳಿಸಿ.

‘ನಿದ್ದೆ ಮಾಡಿಸಬೇಕು’ ಎಂದರೆ

ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಡಯಾಜೆಪಾಮ್ ಅಥವಾ ಮಿಡಾಜೋಲಾಮ್ ಕೊಡುತ್ತಾರೆ, ಸಕ್ಕರೆ ಮತ್ತು ಕ್ಯಾಲ್ಸಿಯಂ ನೋಡುತ್ತಾರೆ, ಮೈ ತಣಿಸುತ್ತಾರೆ. ನಿಂತರೂ ಮರಳಿ ಬಾರದಿರಲೆಂದು ಲೆವೆಟಿರಾಸಿಟಾಮ್ ಅಥವಾ ಫಿನೋಬಾರ್ಬಿಟಾಲ್ ಸೇರಿಸುತ್ತಾರೆ. ಇದಕ್ಕೂ ಬಗ್ಗದಿದ್ದರೆ ಪ್ರೊಪೊಫಾಲ್, ಕೆಟಮಿನ್‌ನಂಥ ಅರಿವಳಿಕೆ ಕೊಟ್ಟು ಕೆಲವು ಗಂಟೆಯಿಂದ ಒಂದೆರಡು ದಿನ ನಾಯಿಯನ್ನು ಪ್ರಜ್ಞೆ ತಪ್ಪಿಸಿ ಇಟ್ಟು, ಮಿದುಳಿಗೆ ವಿಶ್ರಾಂತಿ ಕೊಟ್ಟು, ಆಮೇಲೆ ನಿಧಾನವಾಗಿ ಎಚ್ಚರಗೊಳಿಸುತ್ತಾರೆ.

ಈ ಹಂತದಲ್ಲಿ ವೈದ್ಯರು ‘ನಿದ್ದೆ ಮಾಡಿಸಬೇಕಾಗುತ್ತೆ’ ಎನ್ನುತ್ತಾರೆ. ದಯಾಮರಣಕ್ಕೂ ಜನ ಇದೇ ಮಾತು ಬಳಸುವುದರಿಂದ ನಮ್ಮವರು ಹೌಹಾರಿ, ‘ನಾವು ಜೈನರು, ಅದೆಲ್ಲ ಬೇಡ ಸರ್’ ಎಂದು ನಾಯಿಯನ್ನು ಎತ್ತಿಕೊಂಡು ಬರುವ ಅಪಾಯವಿದೆ. ಬೇಡವೆಂದದ್ದು ಜೀವ ಉಳಿಸುವ ಚಿಕಿತ್ಸೆಯನ್ನೇ ಆಗಿಬಿಡಬಹುದು. ಆದ್ದರಿಂದ ಬಿಡಿಸಿ ಕೇಳಿ: ‘ಫಿಟ್ಸ್ ನಿಲ್ಲಿಸಲು ಅರಿವಳಿಕೆ ಕೊಡ್ತೀರಾ, ಅಥವಾ ಜೀವ ತೆಗೆಯುವ ಇಂಜೆಕ್ಷನ್ನಾ?’ ಎರಡೂ ಬೇರೆ ಬೇರೆ ಎಂಬುದು ಒಂದೇ ಪ್ರಶ್ನೆಯಲ್ಲಿ ತಿಳಿಯುತ್ತದೆ.

ಎರಡನೆಯ ಪ್ರಶ್ನೆ ನಿಜವಾಗಿಯೇ ಎದುರಾಗುವುದೂ ಉಂಟು. ಅರಿವಳಿಕೆ ಇಳಿಸಿದಾಗಲೆಲ್ಲ ಫಿಟ್ಸ್ ಮರಳುತ್ತಿದೆ, ಕಾರಣ ವಾಸಿಯಾಗುವಂಥದ್ದಲ್ಲ ಎಂದಾಗ ವೈದ್ಯರು ದಯಾಮರಣದ ಮಾತು ಎತ್ತುತ್ತಾರೆ. ಒಪ್ಪಲು ನಮ್ಮ ಬಹುತೇಕ ಕುಟುಂಬಗಳ ಮನಸ್ಸು ಬರುವುದಿಲ್ಲ. ಕೆಲವರು ಇದನ್ನು ಸಲ್ಲೇಖನಕ್ಕೆ ಹೋಲಿಸಿ ಸಮಾಧಾನ ಮಾಡಿಕೊಳ್ಳಲು ನೋಡುತ್ತಾರೆ. ಆ ಹೋಲಿಕೆ ಸರಿಯಲ್ಲ. ಸಲ್ಲೇಖನ ಒಬ್ಬ ವ್ಯಕ್ತಿ ತಿಳಿದು, ತಾನೇ ಸ್ವೀಕರಿಸುವ ವ್ರತ. ನಾಯಿಯ ಪರವಾಗಿ ನಾವು ಅದನ್ನು ತೊಡಲಾರೆವು. ಆದರೆ ಇಂಜೆಕ್ಷನ್ ಬೇಡ ಎಂದವರು ನಾಯಿಯನ್ನು ಸೆಳೆತದಲ್ಲೇ ಮನೆಗೆ ತರುವುದೂ ದಯೆಯಾಗುವುದಿಲ್ಲ. ಜೀವ ತೆಗೆಯಲು ಒಪ್ಪದಿದ್ದರೆ ಕೊನೆಯವರೆಗೂ ನೋವು ಮತ್ತು ಸೆಳೆತ ಕಾಣದಂತೆ ಔಷಧದಲ್ಲಿ ಇಡಲು ಸಾಧ್ಯವೇ ಎಂದು ಕೇಳಿ. ಎಷ್ಟೋ ಸಲ ಸಾಧ್ಯವಿದೆ. ಅದಕ್ಕೆ ಖರ್ಚೂ ಇದೆ, ರಾತ್ರಿ ಪಾಳಿಯಲ್ಲಿ ಕೂರುವವರೂ ಬೇಕು.

ಬೀದಿನಾಯಿಗೆ ಬಂದರೆ

ಬಸದಿಯ ಮುಂದೆಯೋ ಬೀದಿಯಲ್ಲೋ ದಿನವೂ ಅನ್ನ ಹಾಕುವ ನಾಯಿ ಸೆಳೆತದಲ್ಲಿ ಬಿದ್ದರೆ ಮುಟ್ಟುವ ಮೊದಲು ರೇಬೀಸ್ ನೆನಪಿರಲಿ. ಜೊಲ್ಲು, ಹಿಂಗಾಲಿನ ಬಲಹೀನತೆ, ಬದಲಾದ ದನಿ, ಸೆಳೆತ ಇವು ರೇಬೀಸ್‌ನಲ್ಲೂ ಇರುತ್ತವೆ, ನೋಡಿದ ಮಾತ್ರಕ್ಕೆ ಬೇರ್ಪಡಿಸಲಾಗದು. ಗಾಡಿ ಹಾಯದಂತೆ ಅಡ್ಡ ನಿಲ್ಲಿ, ಜನ ಮುತ್ತದಂತೆ ಮಾಡಿ, ನೆರಳು ಮಾಡಿ, ಬರಿಗೈ ಹಾಕದೆ ಪ್ರಾಣಿ ರಕ್ಷಣೆಯವರನ್ನು ಕರೆಯಿರಿ. ಕಚ್ಚಿದರೆ ಅಥವಾ ಗಾಯಕ್ಕೆ ಜೊಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಮನೆಯ ನಾಯಿಗೂ ಲಸಿಕೆ ತಪ್ಪಿದ್ದರೆ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಆಮೇಲಿನ ದಿನಗಳು

ಆರು ತಿಂಗಳೊಳಗೆ ಎರಡು ಫಿಟ್ಸ್ ಬಂದರೆ, ಅಥವಾ ಒಂದೇ ಆದರೂ ಐದು ನಿಮಿಷ ದಾಟಿದ್ದರೆ, ದಿನನಿತ್ಯದ ಮಾತ್ರೆ ಶುರುಮಾಡುವುದು ಒಳ್ಳೆಯದೆಂದು ಅಂತರರಾಷ್ಟ್ರೀಯ ಪಶು ಅಪಸ್ಮಾರ ತಜ್ಞರ ತಂಡ 2015ರಲ್ಲಿ ಹೇಳಿದೆ. ಹೆಚ್ಚು ಬಳಕೆಯಲ್ಲಿರುವುದು ಫಿನೋಬಾರ್ಬಿಟಾಲ್. ಮೊದಲ ಎರಡು ವಾರ ನಾಯಿ ತೂಕಡಿಸುತ್ತದೆ, ಹಿಂಗಾಲು ತೂರಾಡುತ್ತದೆ, ಹಸಿವು ಬಾಯಾರಿಕೆ ಹೆಚ್ಚುತ್ತದೆ. ಇದನ್ನು ಕಂಡು ಮಾತ್ರೆ ನಿಲ್ಲಿಸಿಬಿಡುವವರಿದ್ದಾರೆ. ಹಠಾತ್ತನೆ ನಿಲ್ಲಿಸುವುದೇ ಬಿಡದ ಫಿಟ್ಸ್‌ಗೆ ದೊಡ್ಡ ಕಾರಣಗಳಲ್ಲೊಂದು. ಸುಮಾರು ಎರಡು ವಾರದ ಮೇಲೆ ರಕ್ತದಲ್ಲಿ ಔಷಧದ ಮಟ್ಟ, ಆಮೇಲೆ ಆಗಾಗ ಯಕೃತ್ತಿನ ಪರೀಕ್ಷೆ ಮಾಡಿಸಬೇಕು.

ಮಾತ್ರೆ ಹನ್ನೆರಡು ಗಂಟೆಗೊಮ್ಮೆ. ಸೂರ್ಯಾಸ್ತದೊಳಗೆ ಊಟ ಮುಗಿಸುವ ಮನೆಗಳಿಗೆ ಬೆಳಿಗ್ಗೆ ಆರು, ಸಂಜೆ ಆರು ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ. ಒಂದು ದಿನ ತಡವಾದರೆ ಕತ್ತಲಾಯಿತೆಂದು ಬಿಡಬೇಡಿ, ನೆನಪಾದಾಗ ಕೊಡಿ. ಚತುರ್ದಶಿಯಂದು ಮನೆಯವರ ಉಪವಾಸ ನಾಯಿಯ ತಟ್ಟೆಗೆ ಬಾರದಿರಲಿ, ಇನ್ಸುಲಿನ್ ತೆಗೆದುಕೊಳ್ಳುವ ನಾಯಿಗಂತೂ ಊಟ ತಪ್ಪಿದರೆ ಫಿಟ್ಸ್ ಬಂದಂತೆಯೇ. ಪೊಟ್ಯಾಸಿಯಂ ಬ್ರೋಮೈಡ್ ಕೊಡುತ್ತಿರುವವರಿಗೆ ಇನ್ನೊಂದು ಸೂಕ್ಷ್ಮವಿದೆ. ಆ ಔಷಧ ಮೈಯಿಂದ ಹೊರಹೋಗುವುದು ಊಟದ ಉಪ್ಪಿನ ಮೇಲೆ ನಿಂತಿದೆ. ದಶಲಕ್ಷಣದ ದಿನಗಳಲ್ಲಿ ಮನೆಯವರು ಉಪ್ಪು ಬಿಟ್ಟು, ಅದೇ ಅಡುಗೆಯನ್ನು ನಾಯಿಗೂ ಹಾಕಿದರೆ ಔಷಧ ಮೈಯಲ್ಲೇ ಉಳಿದು ನಾಯಿ ಮಂಕಾಗುತ್ತದೆ, ಕಾಲು ಸೋಲುತ್ತದೆ. ಪರ್ವ ಮುಗಿದು ಒಮ್ಮೆಲೇ ಉಪ್ಪು ಹೆಚ್ಚಿದರೆ ಮಟ್ಟ ಇಳಿದು ಫಿಟ್ಸ್ ಮರಳುತ್ತದೆ. ನಾಯಿಯ ಊಟದಲ್ಲಿ ಉಪ್ಪು ವರ್ಷಪೂರ್ತಿ ಒಂದೇ ಅಳತೆಯಲ್ಲಿರಲಿ.

ಯಾತ್ರೆಗೆ ಹೊರಡುವಾಗ ಹದಿನೈದು ದಿನದ ಮಾತ್ರೆ ಹೆಚ್ಚಾಗಿ ತರಿಸಿಡಿ. ನೋಡಿಕೊಳ್ಳುವವರಿಗೆ ತುರ್ತು ಔಷಧ ಎಲ್ಲಿದೆ ಎಂದು ಹೇಳಿದರೆ ಸಾಲದು, ಅವರ ಕೈಯಲ್ಲಿ ಒಮ್ಮೆ ಹಿಡಿಸಿ ತೋರಿಸಿ. ವೈದ್ಯರ ಎರಡು ನಂಬರು, ನಾಯಿಯ ತೂಕ, ಕೊನೆಯ ಫಿಟ್ಸ್‌ನ ತಾರೀಖು, ಎಷ್ಟು ನಿಮಿಷ ಇತ್ತು ಎಂಬುದನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೋಗಿ.